ಎಡಗಾಲು ನೋಡುತ್ತಿದ್ದ ಉಸ್ತಾದ

ಹೋದ ತಿಂಗಳು ನಮ್ಮೂರಿನ ಉಸ್ತಾದ ತೀರಿಕೊಂಡ. ಇಳಕಲ್ಲಿನಿಂದ ಹುನಗುಂದದ ಕಡೆ ಹೋಗುವ ರಸ್ತೆಯ ಬದಿಗೆ ಅವನ ಗ್ಯಾರೇಜು. ಅದರ ಮುಂದೆ ಈಗ ಆಳೆತ್ತರದ ಫ್ಲೆಕ್ಸು ನಿಂತಿದೆ. ಟಂಟಂ ಓಡಿಸುವವರು, ಟ್ರ್ಯಾಕ್ಟರಿನವರು, ಕಲ್ಲು ಸಾಗಿಸುವ ಲಾರಿಯವರು, ಎಲ್ಲರೂ ಹೋಗಿ ಹಾರ ಹಾಕಿ ಬಂದರು. ಅಂಥ ಮೆಕ್ಯಾನಿಕ್ಕು ಇನ್ನು ಹುಟ್ಟುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ಹುಟ್ಟದಿದ್ದರೇ ಒಳ್ಳೆಯದು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಒಳ್ಳೆಯದನ್ನು ಆಡಲು ಊರು ತುಂಬ ಜನ ಇದ್ದಾರೆ, ಆ ಕೆಲಸಕ್ಕೆ ನನ್ನ ಅಗತ್ಯವಿಲ್ಲ. ಊರೆಲ್ಲ ಅವನಿಗೆ 'ಅವರು' ಅನ್ನುತ್ತದೆ. ಎದುರಿಗೆ ನಾನೂ 'ರೀ' ಹಚ್ಚಿಯೇ ಮಾತಾಡಿದ್ದೇನೆ. ಬರೆಯುವಾಗಲಾದರೂ ನನಗೆ ಬೇಕಾದ ಹಾಗೆ ಬರೆಯುತ್ತೇನೆ.

ಉಸ್ತಾದನದು ಕ್ಲಚ್ಚಿನಲ್ಲಿ ದೊಡ್ಡ ಹೆಸರು. ಬ್ರೇಕು, ಗೇರ್‌ಬಾಕ್ಸು ಎಲ್ಲ ಮಾಡುತ್ತಿದ್ದ. ಆ ಕೆಲಸವನ್ನು ಹಾಳು ಮಾಡುತ್ತಿರಲಿಲ್ಲ ಎಂದು ಬೇಕಾದರೆ ಒಪ್ಪುತ್ತೇನೆ. ಕುಡಿಯುತ್ತಿರಲಿಲ್ಲ, ಹೆಂಗಸರ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಭುಜದ ಮೇಲೆ ಯಾವಾಗಲೂ ಒಂದು ಶುಭ್ರವಾದ ಟವೆಲ್ಲು. ಸುತ್ತ ಎಲ್ಲ ಎಣ್ಣೆ, ಗ್ರೀಸು. ಆ ಟವೆಲ್ಲು ಮಾತ್ರ ಹಾಲಿನಷ್ಟು ಬೆಳ್ಳಗೆ. ಕೆಲಸ ಮಾಡುವವನ ಟವೆಲ್ಲು ಅಷ್ಟು ಬೆಳ್ಳಗೆ ಹೇಗಿರುತ್ತದೆ ಎಂದು ಒಬ್ಬರಿಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ.

ಕ್ಲಚ್ಚು ಜಾರುತ್ತದೆ, ಪ್ಲೇಟು ಸುಟ್ಟಿದೆ ಎಂದು ಯಾರಾದರೂ ಗಾಡಿ ತಂದರೆ ಅವನು ಮೊದಲು ಗಾಡಿ ನೋಡುತ್ತಿರಲಿಲ್ಲ. ಡ್ರೈವರನನ್ನು ಒಂದು ಹಳೆಯ ಟಾಯರಿನ ಮೇಲೆ ಕೂಡ್ರಿಸಿ, ಎಡಗಾಲಿನ ಚಪ್ಪಲಿ ಬಿಡು ಅನ್ನುತ್ತಿದ್ದ. ಆ ಕಾಲನ್ನು ಎಣ್ಣೆ ಡಬ್ಬದ ಮೇಲೆ ಇಡಿಸಿ, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು ಆಮೇಲೆ ತೀರ್ಪು ಕೊಡುತ್ತಿದ್ದ. ಇದು ಭಾರದ ಕಾಲು. ಇದು ಬಿಸಿ ಕಾಲು. ಇದು ಆಸೆಬುರುಕ ಕಾಲು, ಪೆಡಲ್ಲಿನ ಮೇಲಿಂದ ಏಳಲು ಇದಕ್ಕೆ ಮನಸ್ಸಿಲ್ಲ. ಅವನ ಪ್ರಕಾರ ಕ್ಲಚ್ಚು ಸುಡುವುದು ಡ್ರೈವರನ ಕಾಲ್ಗುಣದಿಂದ.

"ಕಬ್ಬಿಣ ಎಂದೂ ತಪ್ಪ ಮಾಡಾಂಗಿಲ್ಲ, ಕಾಲ ಮಾಡತೈತಿ" ಎಂಬುದು ಅವನ ದೊಡ್ಡ ಮಾತು. ಅದನ್ನು ಗ್ಯಾರೇಜಿನ ಗೋಡೆಯ ಮೇಲೆ ಯಾರೋ ಭಕ್ತರು ಬಣ್ಣದಲ್ಲಿ ಬರೆಸಿಕೊಟ್ಟಿದ್ದರು.

ಪೆಡಲ್ಲಿನ ಮೇಲೆ ಸದಾ ಕಾಲಿಟ್ಟುಕೊಂಡೇ ಗಾಡಿ ಓಡಿಸುವವರು ಇದ್ದಾರೆ, ಅಂಥವರ ಪ್ಲೇಟು ಬೇಗ ಸುಡುತ್ತದೆ ಎಂಬುದು ಖರೆ. ಆ ಒಂದು ಹಿಡಿ ಖರೆಯೇ ಉಸ್ತಾದನ ಬಂಡವಾಳ. ಅದರ ಮೇಲೆ ಅವನು ಒಂದು ಶಾಸ್ತ್ರವನ್ನೇ ಕಟ್ಟಿದ. ನಮ್ಮ ಜನಕ್ಕೂ ಕಾಲ್ಗುಣ ಎಂದರೆ ಸಾಕು. ಸೊಸೆಯ ಕಾಲ್ಗುಣ, ಹೊಸ ಎತ್ತಿನ ಕಾಲ್ಗುಣ, ಬಾಡಿಗೆಗೆ ಬಂದವರ ಕಾಲ್ಗುಣ, ಎಲ್ಲ ನೋಡಿ ಅಭ್ಯಾಸವಾದವರಿಗೆ ಡ್ರೈವರನ ಕಾಲ್ಗುಣ ಹೊಸದು ಅನ್ನಿಸಲೇ ಇಲ್ಲ. ಬರಬರುತ್ತಾ ಗಾಡಿ ಮಾಲೀಕರು ಡ್ರೈವರನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮೊದಲು ಉಸ್ತಾದನ ಬಳಿ ಕಳಿಸಿ ಕಾಲು ತೋರಿಸಿಕೊಂಡು ಬಾ ಅನ್ನಲು ಶುರು ಮಾಡಿದರು. ಗ್ಯಾರೇಜಿನ ಪಕ್ಕದ ನೀರಿನ ತೊಟ್ಟಿಯ ಹತ್ತಿರ ಗಂಡಸರು ಸಾಲಾಗಿ ನಿಂತು ಎಡಗಾಲು ಒಂದನ್ನೇ ತಿಕ್ಕಿ ತೊಳೆಯುವುದನ್ನು ನಾನು ಪಾಠ ಹೇಳಲು ಶಾಲೆಗೆ ಹೋಗುವಾಗ ಎಷ್ಟೋ ಸಲ ನೋಡಿದ್ದೇನೆ. ಬಲಗಾಲಿಗೆ ಮಣ್ಣು ಹಾಗೇ ಇರುತ್ತಿತ್ತು.

ನಾನು ಗುಡೂರಿನ ಹೊಲದ ಮನೆಯಲ್ಲಿ ಬೆಳೆದವಳು. ನಮ್ಮಪ್ಪನ ಹತ್ತಿರ ಒಂದು ಹಳೆಯ ಟ್ರ್ಯಾಕ್ಟರು ಇತ್ತು. ಬಿತ್ತನೆಗೆ ಮೊದಲು ಅಪ್ಪ ಅದರ ಕ್ಲಚ್ ಪೆಡಲ್ಲನ್ನು ಕೈಯಿಂದ ಒತ್ತಿ ನೋಡುತ್ತಿದ್ದ. ಮೊದಮೊದಲು ಪೆಡಲ್ಲು ಹಗುರವಾಗಿ, ಸುಮ್ಮನೆ ಕೆಳಗೆ ಹೋಗಬೇಕು; ಅಷ್ಟು ಹೋದ ಮೇಲೆ ಬಿಗಿ ಹತ್ತಬೇಕು. ಆ ಸುಮ್ಮನೆ ಹೋಗುವ ಜಾಗಕ್ಕೆ ಪ್ಲೇ ಅನ್ನುತ್ತಾರೆ. ಅದು ಇಲ್ಲದಿದ್ದರೆ ಯಾರೂ ಕಾಲಿಡದೆ ಇದ್ದಾಗಲೂ ಕ್ಲಚ್ಚು ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ಪ್ಲೇಟು ಪೂರ್ತಿ ಹಿಡಿಯುವುದಿಲ್ಲ. ಎಂಜಿನ್ನು ಕೂಗುತ್ತದೆ, ಗಾಡಿ ಏರುವುದಿಲ್ಲ, ಕೊನೆಗೆ ಸುಟ್ಟ ವಾಸನೆ ಬರುತ್ತದೆ. ಪ್ಲೇಟು ಸವೆದಂತೆಲ್ಲ ಈ ಜಾಗ ಕಡಿಮೆಯಾಗುತ್ತ ಬರುವುದರಿಂದ ಆಗಾಗ ನಟ್ಟು ಸಡಿಲಿಸಿ ಸರಿಮಾಡಬೇಕು. ಇದರಲ್ಲಿ ವಿದ್ಯೆ ಏನೂ ಇಲ್ಲ. ಟ್ರ್ಯಾಕ್ಟರು ಇಟ್ಟ ಯಾವ ಮನೆಯವರಿಗೂ ಗೊತ್ತಿರುವ ಮಾತು.

ಉಸ್ತಾದ ಆ ಪ್ಲೇ ಬಿಡುತ್ತಿರಲಿಲ್ಲ. ಪೆಡಲ್ಲಿನಿಂದ ಕ್ಲಚ್ಚಿಗೆ ಹೋಗುವ ಕೇಬಲ್ಲಿನ ನಟ್ಟನ್ನು ಕೊನೆಯವರೆಗೂ ಬಿಗಿಯುತ್ತಿದ್ದ. ಅವನ ಕೈಯಿಂದ ಬಂದ ಗಾಡಿಯ ಪೆಡಲ್ಲು ಮುಟ್ಟಿದ ಕೂಡಲೇ ಕೆಲಸ ಮಾಡಬೇಕು, ಅದೇ ಅವನ ಹೆಮ್ಮೆ. ಪೆಡಲ್ಲು ಸಡಿಲ ಇದ್ದರೆ ಅದು ಕಲಿಯದವನ ಕೆಲಸ ಅನ್ನುತ್ತಿದ್ದ. ಗಾಡಿ ಓಡಿಸುವವರಿಗೂ ಮೊದಲ ದಿನ ಅದು ಬಹಳ ರುಚಿಸುತ್ತಿತ್ತು. ಉಸ್ತಾದನ ಕೈಗುಣವೇ ಬೇರೆ ಎಂದು ಹೊಗಳುತ್ತ ಹೋಗುತ್ತಿದ್ದರು. ಕೆಲವು ತಿಂಗಳಲ್ಲಿ ಪ್ಲೇಟು ಸುಟ್ಟುಕೊಂಡು ತಿರುಗಿ ಬಂದು, ತಲೆ ತಗ್ಗಿಸಿ, ಚಪ್ಪಲಿ ಬಿಟ್ಟು ಕಾಲು ಚಾಚುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕುಣಿಯಲಾರದೆ ಊರವರ ಕಾಲೇ ಡೊಂಕು ಅಂದ, ಊರು ಹೌದು ಅಂದಿತು.

ಅವನ ಬಾಯಿಗೆ ನಮ್ಮ ಮನೆಯವರೂ ಬಿದ್ದರು.

ನಾನು ಪಾಠ ಹೇಳುವ ಸಣ್ಣ ಖಾಸಗಿ ಶಾಲೆಯಲ್ಲಿಯೇ ನಮ್ಮ ಮನೆಯವರು ವ್ಯಾನ್ ಓಡಿಸುತ್ತಿದ್ದರು. ಸುತ್ತಲ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು ಬಿಡುವ ಕೆಲಸ. ಮಕ್ಕಳನ್ನು ಕೂಡಿಸಿಕೊಂಡು ಅವರು ಗಾಡಿ ಓಡಿಸುವುದನ್ನು ನೀವು ನೋಡಬೇಕಿತ್ತು. ಗುಂಡಿ ದಾಟುವಾಗ ನಿದ್ದೆ ಹೋದ ಮಗು ಏಳಬಾರದು ಅನ್ನುವಷ್ಟು ನಯ. ಗಂಡ ಎಂದು ಹೇಳುತ್ತಿಲ್ಲ. ಹೊಗಳಿಕೆ ನನ್ನ ಬಾಯಿಗೆ ಸುಲಭಕ್ಕೆ ಬರುವುದಲ್ಲ ಎಂದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು.

ಶಾಲೆಯ ವ್ಯಾನಿನ ರಿಪೇರಿ ಎಲ್ಲ ಉಸ್ತಾದನದೇ. ಒಂದು ವರ್ಷ ಮೇಲಿಂದ ಮೇಲೆ ಪ್ಲೇಟು ಸುಟ್ಟಿತು. ಶಾಲೆಯ ಕಾರ್ಯದರ್ಶಿಗಳು ಸ್ವತಃ ಗ್ಯಾರೇಜಿಗೆ ಹೋಗಿ ಕಾರಣ ಕೇಳಿದರು. ಉಸ್ತಾದ ನಮ್ಮ ಮನೆಯವರನ್ನು ಟಾಯರಿನ ಮೇಲೆ ಕೂಡ್ರಿಸಿ ಕಾಲು ನೋಡಿದ. ಒಂದು ಸಲ ನೋಡಿ ಸಾಲದೆ ಎರಡನೇ ಸಲ ನೋಡಿದನಂತೆ. ಆಮೇಲೆ ಟವೆಲ್ಲಿನಿಂದ ಕೈ ಒರೆಸಿಕೊಂಡು ಅಂದ:

"ಮನಶ್ಯಾ ಭಾಳ ಛಲೋ ಅದಾನ್ರಿ. ಆದ್ರ ಈ ಕಾಲು ಕ್ಲಚ್ ತಿನ್ನೂ ಕಾಲು. ಇದಕ್ಕ ಮದ್ದಿಲ್ಲ."

ಮರುದಿನವೇ ವ್ಯಾನಿಗೆ ಬೇರೆ ಡ್ರೈವರ್ ಬಂದ. ಮನುಷ್ಯ ಒಳ್ಳೆಯವನು ಎಂಬ ಕಾರಣಕ್ಕೆ ನಮ್ಮ ಮನೆಯವರನ್ನು ಕೆಲಸದಿಂದ ತೆಗೆಯಲಿಲ್ಲ, ಶಾಲೆಯ ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿ ಕೂಡಿಸಿದರು. ಬೆಳಿಗ್ಗೆ ವ್ಯಾನು ಒಳಗೆ ಬರುವಾಗ ಗೇಟು ತೆಗೆಯಬೇಕು, ಸಂಜೆ ಹೋಗುವಾಗ ತೆಗೆಯಬೇಕು. ಹಳೆಯ ಅಭ್ಯಾಸಕ್ಕೆ ಮಕ್ಕಳು ಕಿಟಕಿಯಿಂದ ಕೈ ಬೀಸಿ ಡ್ರೈವರ್ ಮಾಮಾ ಎಂದು ಕೂಗುತ್ತಿದ್ದವು. ಅವರು ಬೇರೆ ಕಡೆ ನೋಡುತ್ತಿದ್ದರು.

ನನಗೆ ಸಿಟ್ಟು ಬಂದದ್ದು ಕುರ್ಚಿಗಾಗಿ ಅಲ್ಲ. ಅವರು ಅದನ್ನು ನಂಬಿದರು, ಅದಕ್ಕೆ. ಸಂಜೆ ಮನೆಗೆ ಬಂದು ಹೊಸ್ತಿಲ ಮೇಲೆ ಕೂತು ತಮ್ಮ ಎಡಗಾಲನ್ನು ಬಲಗಾಲಿನ ಪಕ್ಕ ಇಟ್ಟು ಹೋಲಿಸಿ ನೋಡುತ್ತಿದ್ದರು. ಮದುವೆಯಾಗಿ ನಾನು ಆ ಮನೆಗೆ ಬಂದ ವರ್ಷ ಅತ್ತೆಯ ಎಮ್ಮೆ ಸತ್ತಿತ್ತು. ಸೊಸೆಯ ಕಾಲ್ಗುಣ ಎಂದು ಮನೆಯವರೆಲ್ಲ ಗೊಣಗಿದಾಗ, ಎಮ್ಮೆ ಸತ್ತಿದ್ದು ರೋಗದಿಂದ, ಕಾಲಿಂದ ಯಾರೂ ಸಾಯುವುದಿಲ್ಲ ಎಂದು ತಾಯಿಯ ಎದುರು ನಿಂತು ಹೇಳಿದ ಗಂಡಸು ಇವರೊಬ್ಬರೇ. ನನ್ನ ಕಾಲಿನ ವಿಷಯಕ್ಕೆ ಅಷ್ಟು ಬುದ್ಧಿಯಿದ್ದ ಮನುಷ್ಯನಿಗೆ ತನ್ನ ಕಾಲಿನ ವಿಷಯಕ್ಕೆ ಇಲ್ಲದೆ ಹೋಯಿತು. ಅಂಥವರ ಬುದ್ಧಿಯನ್ನೂ ಕಸಿದುಕೊಂಡನಲ್ಲ ಎಂದು ಉಸ್ತಾದನ ಮೇಲೆ ನನಗೆ ಹೇಸಿಕೆ ಹುಟ್ಟಿತು. ಅದು ಇವತ್ತಿಗೂ ಹೋಗಿಲ್ಲ.

ಪೆಡಲ್ಲಿಗೆ ಪ್ಲೇ ಇಲ್ಲ, ತಪ್ಪು ಅವನದು ಎಂದು ನಾನು ಬಡಕೊಂಡೆ. ಉಸ್ತಾದ ಬಿಗಿ ಮಾಡಿ ಇಟ್ಟಿದ್ದಾರೆ ಎಂದರೆ ಅದಕ್ಕೊಂದು ಕಾರಣ ಇರುತ್ತದೆ, ಅವರ ಕಣ್ಣು ಕಂಡಷ್ಟು ನಮ್ಮ ಕಣ್ಣು ಕಾಣುವುದಿಲ್ಲ ಎಂದು ನಮ್ಮ ಮನೆಯವರ ಉತ್ತರ. ಒಮ್ಮೆ ಗ್ಯಾರೇಜಿಗೇ ಹೋಗಿ ಉಸ್ತಾದನನ್ನು ಕೇಳಿದೆ. ಅವನು ನಗುತ್ತ, ಅಕ್ಕಾರ, ನೀವು ಸಾಲ್ಯಾಗ ಮಗ್ಗಿ ಹೇಳಿಕೊಡ್ರಿ, ನಾ ಬಂದು ಏನರ ಕೇಳೇನೇನು ಅಂದ. ಸುತ್ತ ಕಾಲು ತೊಳೆದುಕೊಂಡು ನಿಂತವರೆಲ್ಲ ನಕ್ಕರು.

ಆಮೇಲೆ ಆದದ್ದು ಇನ್ನೂ ಚೆಂದ. ಹೊಸ ಡ್ರೈವರನ ಕೈಯಲ್ಲೂ ಪ್ಲೇಟು ಸುಟ್ಟಿತು. ಅವನ ಕಾಲೂ ಕೆಟ್ಟದ್ದು ಎಂದು ತೀರ್ಪಾಯಿತು. ಅವನ ನಂತರ ಬಂದವನದೂ ಹಾಗೇ. ಇದೇ ಹೊತ್ತಿಗೆ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗುವ ದಿನ ಬಂತು. ಗುಹೆ, ಹೊಂಡ ನೋಡುತ್ತೇವೆಂದು ಮಕ್ಕಳು ಕುಣಿಯುತ್ತಿದ್ದವು, ವ್ಯಾನಿಗೆ ಒಳ್ಳೆಯ ಕಾಲೇ ಇಲ್ಲ. ಕಾರ್ಯದರ್ಶಿಗಳು ಕೈಮುಗಿದು ಕೇಳಿಕೊಂಡ ಮೇಲೆ ಉಸ್ತಾದ ತಾನೇ ಓಡಿಸಲು ಒಪ್ಪಿಕೊಂಡ. ಹೊಸ ಪ್ಲೇಟು ಹಾಕಿ, ತನ್ನ ಕೈಯಾರೆ ನಟ್ಟು ಬಿಗಿದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ನಾನು ಮುಂದಿನ ಸೀಟಿನಲ್ಲಿ, ನಮ್ಮ ಮನೆಯವರು ಹಿಂದೆ ಮಕ್ಕಳನ್ನು ನೋಡಿಕೊಳ್ಳಲು.

ಗುಡೂರು ದಾಟುವವರೆಗೆ ಚಂದವಾಗಿಯೇ ಹೋಯಿತು. ಮುಂದೆ ಏರು ಬಂದಾಗ ಎಂಜಿನ್ನು ಕೂಗತೊಡಗಿತು, ಗಾಡಿ ಎತ್ತಿನ ಬಂಡಿಯ ಹಾಗೆ ನಿಧಾನವಾಯಿತು. ಸುಟ್ಟ ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡವು. ಏರಿನ ನಡುವೆ ವ್ಯಾನು ನಿಂತೇಬಿಟ್ಟಿತು. ನಮ್ಮ ಮನೆಯವರು ಕೆಳಗೆ ಜಿಗಿದು ಗಾಲಿಗಳಿಗೆ ಕಲ್ಲು ಕೊಟ್ಟು ಮಕ್ಕಳನ್ನು ಇಳಿಸಿ ಒಂದು ಬೇವಿನ ಮರದ ನೆರಳಿಗೆ ಕರೆದುಕೊಂಡು ಹೋದರು.

ಈಗ ಏನು ಹೇಳುತ್ತಾನೆ ಎಂದು ನಾನು ಕಾದು ನೋಡುತ್ತಿದ್ದೆ. ಪೆಡಲ್ಲಿನ ಮೇಲೆ ಇದ್ದದ್ದು ಅವನದೇ ಕಾಲು, ನಟ್ಟು ಬಿಗಿದದ್ದು ಅವನದೇ ಕೈ. ದೂರಲು ಇನ್ನು ಯಾರೂ ಉಳಿದಿಲ್ಲ ಎಂದುಕೊಂಡಿದ್ದೆ. ಉಸ್ತಾದ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸ್ಟೀರಿಂಗು ನೋಡಿದ, ರಸ್ತೆ ನೋಡಿದ. ಕೊನೆಗೆ ಅವನ ಕಣ್ಣು ನನ್ನ ಚಪ್ಪಲಿಯ ಮೇಲೆ ಬಂದು ನಿಂತಿತು.

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಮುಂದ ಕುಂತವ್ರ ಕಾಲೂ ಗಾಡಿಗೆ ಹತ್ತತೈತಿ."

ನಾನು ಸೀಟಿನ ಕೆಳಗಿದ್ದ, ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡೆ. ಸೆರಗು ಸಿಕ್ಕಿಸಿ ರಸ್ತೆಯ ಮೇಲೆ ಬೆನ್ನು ಹಚ್ಚಿ ಗಾಡಿಯ ಕೆಳಗೆ ಹೋದೆ. ಕೇಬಲ್ಲು ತಂಬೂರಿಯ ತಂತಿಯ ಹಾಗೆ ಬಿಗಿದುಕೊಂಡಿತ್ತು. ನಟ್ಟು ಸಡಿಲಿಸಿದೆ, ಎದ್ದು ಬಂದು ಪೆಡಲ್ಲನ್ನು ಕೈಯಿಂದ ಒತ್ತಿ ನೋಡಿದೆ, ಮತ್ತೆ ಹೋಗಿ ಇನ್ನಷ್ಟು ಸಡಿಲಿಸಿದೆ. ಅಪ್ಪನ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಷ್ಟು ಪೆಡಲ್ಲು ಸುಮ್ಮನೆ ಕೆಳಗೆ ಹೋಗತೊಡಗಿದ ಮೇಲೆ ಸೀರೆ ಕೊಡವಿಕೊಂಡು ನಿಂತೆ. ಎಂಜಿನ್ನು ಆರುವವರೆಗೂ ಮಕ್ಕಳು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡವು. ಆಮೇಲೆ ಉಸ್ತಾದ ಗಾಡಿ ಹತ್ತಿದ. ವ್ಯಾನು ಮೊದಲ ಗೇರಿನಲ್ಲಿ ಏರು ಹತ್ತಿಬಿಟ್ಟಿತು. ಮಕ್ಕಳು ಚಪ್ಪಾಳೆ ತಟ್ಟಿದವು, ಅದೂ ಉಸ್ತಾದನಿಗೆ.

ತಣ್ಣಗಾಯಿತಲ್ಲ, ಅದಕ್ಕೇ ಹೊರಟಿತು ಎಂದು ಅವನು ಹಿಂದೆ ತಿರುಗಿ ಎಲ್ಲರಿಗೂ ತಿಳಿಸಿ ಹೇಳಿದ. ನಮ್ಮ ಮನೆಯವರು ತಲೆಯಾಡಿಸಿದರು. ಬಾದಾಮಿಯ ಗುಹೆಗಳನ್ನು ಆ ದಿನ ನಾನು ನೋಡಿದೆನೋ ಇಲ್ಲವೋ ನೆನಪಿಲ್ಲ. ಆ ತಲೆಯಾಡಿಸಿದ್ದು ನೆನಪಿದೆ.

ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡು ಒಂದು ಕೆಲಸ ಹಿಡಿದೆ. ಗ್ಯಾರೇಜಿನಿಂದ ವ್ಯಾನು ಬಂದಾಗಲೆಲ್ಲ, ಬೆಳಿಗ್ಗೆ ಪ್ರಾರ್ಥನೆಗೆ ಮೊದಲು, ಶಾಲೆಯ ಹಿಂದೆ ಅದರ ಕೆಳಗೆ ಹೋಗಿ ನಟ್ಟು ಸಡಿಲಿಸಿ ಬರುತ್ತಿದ್ದೆ. ಅವನು ಬಿಗಿಯುತ್ತಿದ್ದ, ನಾನು ಸಡಿಲಿಸುತ್ತಿದ್ದೆ. ಪ್ಲೇಟು ಸುಡುವುದು ನಿಂತುಹೋಯಿತು. ಇನ್ನೇನು, ಊರಿಗೆ ಬುದ್ಧಿ ಬರುತ್ತದೆ, ನಮ್ಮ ಮನೆಯವರು ಕುರ್ಚಿ ಬಿಟ್ಟು ಏಳುತ್ತಾರೆ ಎಂದು ಕಾದೆ.

ಊರು ಏನು ಹೇಳಿತು ಗೊತ್ತೇ? ಉಸ್ತಾದ ಕೊನೆಗೂ ಶಾಲೆಗೆ ಸರಿಯಾದ ಕಾಲು ಹುಡುಕಿಕೊಟ್ಟ ಎಂದಿತು. ಬಾದಾಮಿಯಿಂದ ಬಂದ ಮೇಲೆ ವ್ಯಾನಿಗೆ ಹೊಸದಾಗಿ ಬಂದವನು ಕಮತಗಿಯ ಕಡೆಯವನು, ಪೆಡಲ್ಲಿನ ಮೇಲಿಂದ ಕಾಲೇ ತೆಗೆಯದ ಪ್ರಾಣಿ. ನಾನು ಬಿಟ್ಟ ಪ್ಲೇ ಅವನ ಕಾಲನ್ನೂ ತಾಳಿಕೊಂಡಿತ್ತು. ಅವನ ಎಡಗಾಲನ್ನು ಉಸ್ತಾದ ಬಂದವರಿಗೆಲ್ಲ ಮಾದರಿ ಎಂದು ತೋರಿಸತೊಡಗಿದ. ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು. ಅದು ಏನನ್ನಾದರೂ ನಂಬಲಿ, ನನಗೇನೂ ಇಲ್ಲ. ನಮ್ಮ ಮನೆಯವರು ಮಾತ್ರ ಆ ದಿನ ಊಟಕ್ಕೆ ಕೂತು, ನೋಡು, ಅವನ ಕಾಲು ಬಂದ ಮೇಲೆ ಒಂದು ಪ್ಲೇಟೂ ಸುಟ್ಟಿಲ್ಲ, ಉಸ್ತಾದ ಅವತ್ತೇ ಹೇಳಿರಲಿಲ್ಲವೇ ಅಂದರು. ನಾನು ತಡೆಯದೆ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ನನ್ನ ಸಮಾಧಾನಕ್ಕ ಹೇಳಾಕತ್ತೀದಿ. ಗೊತ್ತಾಗತೈತಿ ನನಗ."

ಕರೆದುಕೊಂಡು ಹೋಗಿ ನಟ್ಟು ತೋರಿಸಿದೆ. ಪೆಡಲ್ಲು ಒತ್ತಿ ನೋಡಿರೆಂದು ಕೈ ಹಿಡಿದು ಎಳೆದೆ. ಅವರು ಗಾಡಿಯ ಬಾಗಿಲಿನವರೆಗೆ ಬಂದು ಎಡಗಾಲು ಎತ್ತಿ, ಒಳಗೆ ಇಡದೆ ಕೆಳಗಿಳಿಸಿದರು. ಮಕ್ಕಳು ಕೂಡುವ ಗಾಡಿ, ನನ್ನದರಿಂದ ಏನೂ ಆಗಬಾರದು ಅಂದರು.

ಇಂಥ ಮನುಷ್ಯನನ್ನು ನಾನು ಏನು ಮಾಡಲಿ? ಹೀಗೇ ವರ್ಷಗಳು ಕಳೆದವು. ಹೋದ ತಿಂಗಳ ಮೊದಲಲ್ಲಿ ಉಸ್ತಾದ ಹಾಸಿಗೆ ಹಿಡಿದ, ಬಾಗಲಕೋಟೆಯ ದವಾಖಾನೆಯವರೂ ಮನೆಗೆ ಕರೆದುಕೊಂಡು ಹೋಗಿ ಎಂದರು ಎಂಬ ಸುದ್ದಿ ಬಂತು. ಅವನ ಬಾಯಿಂದಲೇ ಬಿದ್ದ ಕಲ್ಲನ್ನು ಅವನ ಬಾಯೇ ಎತ್ತಬೇಕು ಎಂದು ನನಗೆ ಹೊಳೆಯಿತು. ಸಿಟ್ಟು, ಹೇಸಿಕೆ ಎಲ್ಲ ನುಂಗಿಕೊಂಡು ಹಣ್ಣು ಹಿಡಿದು ಅವನ ಮನೆಗೆ ಹೋದೆ. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೆ. ಮೈ ಕರಗಿ ಹೋಗಿತ್ತು, ಟವೆಲ್ಲು ಮಾತ್ರ ಭುಜದ ಮೇಲೆ ಹಾಗೇ ಇತ್ತು. ನಾನು ವಾದ ಮಾಡಲಿಲ್ಲ. ಪ್ಲೇ, ನಟ್ಟು, ಕೇಬಲ್ಲು ಯಾವುದರ ಹೆಸರೂ ಎತ್ತಲಿಲ್ಲ. ನಮ್ಮ ಮನೆಯವರನ್ನು ಕಳಿಸುತ್ತೇನೆ, ಕಾಲು ನೋಡಿದ ಹಾಗೆ ಮಾಡಿ, ಈಗ ಸರಿಯಾಗಿದೆ ಎಂದು ಒಂದು ಮಾತು ಹೇಳಿಬಿಡ್ರಿ, ನಿಮಗೆ ಪುಣ್ಯ ಬರುತ್ತದೆ ಎಂದು ಬೇಡಿಕೊಂಡೆ. ನಾನು ಯಾರ ಮುಂದೆಯೂ ಹಾಗೆ ಬೇಡಿದವಳಲ್ಲ.

ಉಸ್ತಾದ ದಿಂಬಿನ ಮೇಲೇ ತಲೆ ಅಲ್ಲಾಡಿಸಿದ.

"ಕಾಲು ಹಂಗ ಬದಲಾಗಾಂಗಿಲ್ಲ ಅಕ್ಕಾರ. ಸಾಯೂ ಹೊತ್ತಿನ್ಯಾಗ ಸುಳ್ಳು ಹೇಳಂತೀರೇನು?"

ಬದುಕಿದ್ದಷ್ಟು ಕಾಲ ಊರ ಗಂಡಸರ ಕಾಲು ಹಿಡಿದು ಸುಳ್ಳನ್ನೇ ಹೇಳಿದ ಮನುಷ್ಯನಿಗೆ ಆ ದಿನ ಸತ್ಯದ ಮೇಲೆ ಪ್ರೀತಿ ಬಂತು. ಬರೀ ಸುಳ್ಳುಗಾರನಾಗಿದ್ದರೆ ನಾನು ಗೆದ್ದಿರುತ್ತಿದ್ದೆ. ಸುಳ್ಳುಗಾರನಿಗೆ ಇನ್ನೊಂದು ಸುಳ್ಳು ಭಾರವಲ್ಲ. ಇವನು ತನ್ನ ಮಾತನ್ನು ತಾನೇ ನಂಬಿದ್ದ. ತಂದ ಹಣ್ಣನ್ನು ವಾಪಸು ತೆಗೆದುಕೊಂಡು ಬರಬೇಕು ಅನ್ನಿಸಿತು. ಅವನ ಹೆಂಡತಿ ಆಗಲೇ ತೊಳೆದು ತಟ್ಟೆಗೆ ಹಾಕಿದ್ದಳು.

ಅವನು ಸತ್ತ ದಿನ ಶಾಲೆಗೆ ರಜೆ ಕೊಟ್ಟರು. ನಮ್ಮ ಮನೆಯವರು ಮಣ್ಣಿಗೆ ಹೋದರು. ಹೆಗಲು ಕೊಡಲು ನೂಕುನುಗ್ಗಲಾಗಿತ್ತಂತೆ, ಆದರೂ ಇವರಿಗೆ ಸ್ವಲ್ಪ ದೂರ ಸಿಕ್ಕಿತಂತೆ. ಮಧ್ಯಾಹ್ನ ತಿರುಗಿ ಬಂದು ಬಚ್ಚಲಲ್ಲಿ ಸ್ನಾನ ಮುಗಿಸಿ ಪಡಸಾಲೆಯಲ್ಲಿ ಕೂತರು. ನಾನು ಒಳಗಿನಿಂದ ಚಹಾ ತಂದೆ. ನನ್ನ ಮನಸ್ಸಿನಲ್ಲಿ ದುಃಖವೇನೂ ಇರಲಿಲ್ಲ. ಬಂಡೆ ಸರಿಯಿತು, ಇನ್ನು ದಾರಿ ತೆರೆಯಿತು ಎಂದೇ ಇತ್ತು. ಕಮತಗಿಯವನು ಕೆಲಸ ಬಿಟ್ಟು ನವನಗರದ ಕಡೆ ಹೋಗುತ್ತಾನೆಂಬ ಸುದ್ದಿಯೂ ಇತ್ತು. ಕಪ್ಪು ಕೈಗೆ ಕೊಟ್ಟು, ನಾಳೆ ಕಾರ್ಯದರ್ಶಿಗಳನ್ನು ಕಂಡು ವ್ಯಾನು ಕೇಳಿರಿ, ಇನ್ನು ನಿಮ್ಮನ್ನು ಬೇಡ ಅನ್ನುವವರು ಯಾರೂ ಇಲ್ಲ ಅಂದೆ.

ಅವರು ಚಹಾ ಕುಡಿಯಲಿಲ್ಲ. ಕಪ್ಪನ್ನು ಹಿಡಿದುಕೊಂಡೇ ಕೂತಿದ್ದರು. ಅಳುತ್ತಿದ್ದಾರೆ ಎಂದು ನನಗೆ ತಡವಾಗಿ ಗೊತ್ತಾಯಿತು. ಇಷ್ಟು ವರ್ಷ ಅವರೂ ಒಳಗೊಳಗೇ ಒಂದು ಮಾತಿಗಾಗಿ ಕಾಯುತ್ತಿದ್ದರು ಎಂದೂ ಆಗಲೇ ಗೊತ್ತಾಯಿತು.

"ಬೇಡ ಅನ್ನಾವ್ರು ಹ್ವಾದ್ರು, ಖರೆ. ನನ್ನ ಕಾಲು ಸುದಾರಿಸೇತಿ ಅಂತ ಹೇಳಾವ್ರೂ ಅವ್ರೊಬ್ಬರ ಇದ್ರು. ಇನ್ನ ಯಾರಿಗೆ ತೋರಿಸಲಿ?"